ಬಾಯಿ ತೆರೆದು ಮಲಗುವವಳು

ಉಪ್ಪುನೀರು ಗಂಟಲಿನಲ್ಲಿ ಗುಳುಗುಳು ಅನ್ನುತ್ತಿರುವಷ್ಟು ಹೊತ್ತು ಅವಳು ಏನನ್ನೂ ಯೋಚಿಸಬೇಕಾಗಿರಲಿಲ್ಲ. ಉಗಿದ ಕೂಡಲೇ ಎಲ್ಲ ವಾಪಸು ಬಂತು. ಹಿಂದಿನ ಕೋಣೆಯ ಬಾಗಿಲಿಗೆ ಬೀಗ ಬಿದ್ದು ವಾರವಾಗಿತ್ತು. ಅಣ್ಣನ ಪಂಕ್ಚರ್ ಅಂಗಡಿಯ ಶಟರಿಗೆ ಹಾಕುತ್ತಿದ್ದ ಬೀಗ ಅದು. ಮನೆಯೊಳಗಿನ ತೆಳ್ಳನೆಯ ಬಾಗಿಲಿಗೆ ತೀರಾ ದೊಡ್ಡದಾಗಿ, ಅಂಚಿಗೆಲ್ಲ ಗ್ರೀಸಿನ ಕಪ್ಪು ಮೆತ್ತಿಕೊಂಡು ಜೋತಾಡುತ್ತಿತ್ತು. ಒಳಗೆ ಅತ್ತಿಗೆ ಕೆಮ್ಮಿದಳು, ಆಮೇಲೆ ಸುಮ್ಮನಾದಳು. ಆ ಸುಮ್ಮನಿರುವುದನ್ನೇ ನಾದಿನಿಯಾದ ಅವಳಿಂದ ತಡೆದುಕೊಳ್ಳಲಾಗುತ್ತಿರಲಿಲ್ಲ. ಕೂಗಬಾರದೇ? ಬಾಗಿಲು ಒದೆಯಬಾರದೇ? ಮೈಮೇಲೆ ದೆವ್ವ ಬಂದಿದೆ ಎಂದು ಮನೆಯವರೆಲ್ಲ ಸೇರಿ ಕೂಡಿಹಾಕಿದರೆ, ತಟ್ಟೆ ಈಸಿಕೊಂಡು, ತೊಳೆದಷ್ಟು ಚೊಕ್ಕಟವಾಗಿ ಉಂಡು, ತಟ್ಟೆ ವಾಪಸು ಕೊಡುತ್ತ ಕೂತಿದ್ದೀಯಲ್ಲ ಎಂದು ಅತ್ತಿಗೆಯ ಮೇಲೇ ಸಿಟ್ಟು ಬಂತು. ಬಂದದ್ದಕ್ಕೆ ತನ್ನ ಮೇಲೆ ಅದಕ್ಕಿಂತ ದೊಡ್ಡ ಸಿಟ್ಟು ಬಂತು. ಏಕೆಂದರೆ ಮನೆಯವರು ಕೇಳಿದ ದೆವ್ವದ ದನಿ ಅತ್ತಿಗೆಯದಲ್ಲ. ತನ್ನದು. ಅದು ನಾನು ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಆ ಎರಡು ಮಾತನ್ನು ದಿನಾ ಬೆಳಗ್ಗೆ ಉಪ್ಪುನೀರಿನ ಜೊತೆ ಬಾಯಿಗೆ ತಂದುಕೊಂಡು, ಉಪ್ಪುನೀರಿನ ಜೊತೆಗೇ ಉಗಿಯುತ್ತಿದ್ದಳು.

"ಇವತ್ತು ಬೇಗ ಬಾರೇ ಗುಬ್ಬಿ," ಎಂದಳು ಅಮ್ಮ, ಪಾಪುವನ್ನು ಸೊಂಟದ ಮೇಲೆ ಸರಿಮಾಡಿಕೊಳ್ಳುತ್ತ. ಅಣ್ಣನ ಎರಡು ವರ್ಷದ ಹೆಣ್ಣುಮಗು ಬೀಗದ ಕಡೆಗೇ ಕೈಚಾಚುತ್ತಿತ್ತು. "ದೆವ್ವ ಬಿಡಿಸೋ ಮನುಷ್ಯ ಸಾಯಂಕಾಲಕ್ಕೆ ಮುಂಚೇನೇ ಬರ್ತಾನಂತೆ. ಹಿಡ್ಕೊಳ್ಳೋಕೆ ಹೆಂಗಸರು ಬೇಕು ಅಂದಿದಾನೆ. ನಾನೊಬ್ಬಳೇ ಎಲ್ಲಿ ಅಂತ ಹಿಡೀಲಿ?"

"ಬಿಡಿಸೋಕೆ ಆಗದಿದ್ರೆ?"

"ಏನಂದೆ? ಬಾಯಿ ಬಿಟ್ಟು ಆಡೇ. ನಿನ್ನ ಮಾತು ನಿನ್ನ ಹಲ್ಲಿಗೂ ಕೇಳಿಸೋಲ್ಲ."

ಅಣ್ಣ ಕನ್ನಡಿಯ ಮುಂದೆ ನಿಂತು ಗಡ್ಡ ಕೆರೆಯುತ್ತಿದ್ದ. ಅವನಿಗೆ ಕೇಳಿಸಿತ್ತು. "ಆಗದಿದ್ರೆ ತನ್ನ ಜಾಗಕ್ಕೇ ಕರ್ಕೊಂಡು ಹೋಗ್ತಾನೆ. ಅಲ್ಲಿ ತಿಂಗಳುಗಟ್ಟಲೆ ಇಟ್ಕೋತಾರಂತೆ. ಪಾಪು ಇಲ್ಲೇ ಇರತ್ತೆ." ನಲ್ಲಿಯ ರಿಪೇರಿಯ ವಿಷಯ ಹೇಳಿದ ಹಾಗೆ ಹೇಳಿದ. ನೊರೆ ಹಚ್ಚಿದ ಕೆನ್ನೆ, ಅದರ ನಡುವೆ ಬ್ಲೇಡು ಎಳೆದ ದಾರಿ. ಆ ದಾರಿಯನ್ನು ನೋಡುತ್ತ ಅವಳು ಎರಡು ಮಾತನ್ನು ನಾಲಿಗೆಯ ತುದಿಗೆ ತಂದಳು. ಅಣ್ಣ ಕನ್ನಡಿಯಲ್ಲಿ ಅವಳನ್ನು ನೋಡಿ, "ಏನು, ಗರ ಬಡಿದೋಳ ಥರ ನಿಂತೆ? ಬಸ್ಸು ಹೋಗತ್ತೆ ನೋಡು," ಎಂದ. ಅವಳು ಚಪ್ಪಲಿ ಮೆಟ್ಟಿಕೊಂಡಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಸಿಕ್ಕದಿದ್ದರೆ ಚೆನ್ನಾಗಿತ್ತು, ಯಾರಾದರೂ ಕಾಲು ತುಳಿದಿದ್ದರೆ ಬೈಯಬಹುದಿತ್ತು ಎಂದುಕೊಂಡಳು. ಹಾಗೆ ತುಳಿದಾಗಲೂ ತಾನೇ ಕಾಲು ಎಳೆದುಕೊಂಡು 'ಪರವಾಗಿಲ್ಲ' ಎನ್ನುವವಳು ತಾನು ಎಂಬುದೂ ನೆನಪಾಯಿತು. ಶಾಲೆಯಲ್ಲಿ ಪಾಠ ಓದಲು ನಿಲ್ಲಿಸಿದಾಗಲೂ ಹಾಗೆಯೇ. ಕೇಳಿಸಲಿಲ್ಲ, ಇನ್ನೂ ಜೋರಾಗಿ ಎಂದರು ಮೇಷ್ಟ್ರು. ಅವಳು ಇನ್ನೂ ಜೋರಾಗಿಯೇ ಓದಿದಳು, ಅಂದರೆ ಎದೆಯೊಳಗೆ ಜೋರಾಗಿತ್ತು, ಹೊರಗೆ ತುಟಿ ಅಲ್ಲಾಡುತ್ತಿತ್ತು ಅಷ್ಟೇ. ಬೆಂಚಿನ ಮೇಲೆ ನಿಲ್ಲು ಎಂದರು. ಬೆಂಚಿನ ಮೇಲಿಂದ ಎಲ್ಲರ ತಲೆಯ ಬೈತಲೆ ಕಾಣುತ್ತಿತ್ತು, ನಗುವಾಗ ಬೈತಲೆಗಳು ಕುಲುಕುತ್ತಿದ್ದವು. ಮರುದಿನ ಹೋಗಲಿಲ್ಲ, ಅದರ ಮರುದಿನವೂ ಹೋಗಲಿಲ್ಲ. ಯಾರೂ ಬಾ ಎಂದು ಕರೆಯಲೂ ಇಲ್ಲ. ಈಗ ಅದೇ ಬಾಯಿಂದ ಕೂಲಿ. ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಬೇರೆ ದೇಶದ ಸಿನಿಮಾಗಳಿಗೆ ದನಿ ಹಾಕುವವರ ಗುಂಪಿನಲ್ಲಿ ಅವಳೊಬ್ಬಳು. ಮದುವೆಯ ಗದ್ದಲ, ಆಸ್ಪತ್ರೆಯ ಗುಜುಗುಜು, ಓಡಿ ಬಂದವಳ ಏದುಸಿರು, ಮುತ್ತಿಡುವಾಗಿನ ಸಣ್ಣ ಸದ್ದು. ಮಾತು ಬೇರೆಯವರದು, ಮಾತಿನ ನಡುವಿನ ಉಸಿರು ಅವಳದು. ಅದಕ್ಕೇ ಅಲ್ಲಿ ಅವಳ ಹೆಸರು 'ಉಸಿರು'. "ಬಾಯಿಲ್ಲದವಳಿಗೆ ಬಾಯಿ ಕೆಲಸ ಕೊಟ್ಟವರು ಯಾರಪ್ಪಾ!" ಎಂದು ಅಮ್ಮ ನಕ್ಕಿದ್ದಳು. ಆ ನಗುವಿನ ಮೇಲೆ, ಈಗ ದೆವ್ವದ ಕೆಲಸ ಬಂದಿದೆ ಎಂದು ಹೇಗೆ ಹೇಳುವುದು? ಹೇಳಲಿಲ್ಲ. ಹೇಳದೆಯೇ ಇಷ್ಟೆಲ್ಲ ಆಯಿತು.

ಆದದ್ದು ಇಷ್ಟು. ಸಿನಿಮಾದಲ್ಲಿ ಒಂದು ಕುಟುಂಬ. ಅಪ್ಪ, ಅಮ್ಮ, ಮಗ, ಬೆಳೆದ ಮಗಳು. ಮಗಳ ಮೈಯಲ್ಲಿ ದೆವ್ವ ಸೇರುತ್ತದೆ. ಮಗಳ ಮಾತಿಗೆ ದನಿ ಕೊಡುವವರು ಹೆಸರುವಾಸಿಯಾದ ಒಬ್ಬ ಮೇಡಂ. ದೆವ್ವ ಕಿರುಚಿದರೆ ಮೇಡಂ ಗಂಟಲು ಹಾಳಾಗುತ್ತದೆ, ಆದ್ದರಿಂದ ದೆವ್ವಕ್ಕೆ ಇವಳು. ಮೊದಲ ದಿನ ಡಬ್ಬಿಂಗ್ ಮಾಡಿಸುವ ಯಜಮಾನರು, "ದನಿ ಬಾವಿಯೊಳಗಿಂದ ಬರಬೇಕು, ಮನೇಲಿ ಅಭ್ಯಾಸ ಮಾಡ್ಕೊಂಡು ಬಾ," ಎಂದರು. ಮನೆಯಲ್ಲಿ ಬಾವಿ ಎಲ್ಲಿಂದ ಬರಬೇಕು? ಬಟ್ಟೆ ಒಗೆಯುವ ಜಾಗದಲ್ಲಿ ಖಾಲಿ ನೀರಿನ ಡ್ರಮ್ಮಿತ್ತು. ಇನ್ನೂ ಯಾರೂ ಏಳದ ಹೊತ್ತಿನಲ್ಲಿ ಅವಳು ಡ್ರಮ್ಮಿನೊಳಗೆ ತಲೆ ಹಾಕಿ ದೆವ್ವದ ಮಾತುಗಳನ್ನು ಆಡಿದಳು. ಆಹಾ, ಆ ದನಿ! ಹೊಕ್ಕುಳಿನ ಕೆಳಗಿಂದ ಎದ್ದು, ಪಕ್ಕೆಲುಬುಗಳನ್ನು ಏಣಿ ಮಾಡಿಕೊಂಡು ಹತ್ತಿ ಬಂದ ದನಿ. ಡ್ರಮ್ಮು ಅವಳ ಕೆನ್ನೆಯ ಮೇಲೆಯೇ ನಡುಗಿತು. ಡ್ರಮ್ಮಿನ ಹಿಂದಿನ ಗೋಡೆಯಲ್ಲಿ ಪೈಪು ಹಾಯಿಸಲು ಕೊರೆದು ಗಾರೆ ಮುಚ್ಚದೆ ಬಿಟ್ಟ ತೂತಿತ್ತು, ಆ ಗೋಡೆಯ ಆಚೆಗೆ ಅಣ್ಣ ಅತ್ತಿಗೆಯರ ಮಂಚವಿತ್ತು ಎನ್ನುವುದು ಅವಳ ತಲೆಗೆ ಹೋಗಲೇ ಇಲ್ಲ. ಅತ್ತಿಗೆ ಬಾಯಿ ತೆರೆದು ಮಲಗುವವಳು. ಹಾಸಿಗೆಗೆ ಬೀಳುವ ಹೊತ್ತಿಗೆ ಬಾಯಿ ಮುಚ್ಚಿಕೊಳ್ಳುವಷ್ಟು ಶಕ್ತಿಯೂ ಉಳಿದಿರುತ್ತಿರಲಿಲ್ಲ ಅವಳಲ್ಲಿ. ಅಣ್ಣ ಆಗತಾನೇ ಎಚ್ಚರಾಗಿದ್ದ. ಎಚ್ಚರಾದರೆ ಅವನ ಕೈ ಸುಮ್ಮನಿರುವುದಿಲ್ಲ. ಮಬ್ಬಿನಲ್ಲಿ ಹೆಂಡತಿಯ ಕಡೆ ತಿರುಗಿದ್ದಾನೆ, ಕೈ ಹಾಕಿದ್ದಾನೆ, ಅದೇ ಗಳಿಗೆಗೆ ಅವಳ ತೆರೆದ ಬಾಯಿಂದ ಗಂಡಸಿನದೂ ಅಲ್ಲದ ಹೆಂಗಸಿನದೂ ಅಲ್ಲದ ದನಿ ಬಂದಿದೆ: "ಹತ್ತಿರ ಬಂದರೆ ಕಾಲು ಮುರಿದು ಕೈಗೆ ಕೊಡ್ತೀನಿ." ಸಾವಿರಾರು ವರ್ಷ ವಯಸ್ಸಿನ ದೆವ್ವಕ್ಕೆ ಬೀದಿ ಜಗಳದ ಮಾತು ಬರೆದುಕೊಟ್ಟವನನ್ನು ಸ್ಟುಡಿಯೋದಲ್ಲಿ ಎಲ್ಲರೂ ಗೇಲಿ ಮಾಡಿದ್ದರು. ಅಣ್ಣ ಮಾತ್ರ ಲುಂಗಿ ಬಿಚ್ಚಿಹೋದದ್ದೂ ತಿಳಿಯದೆ ನಡುಮನೆಗೆ ಓಡಿ ಬಂದಿದ್ದ.

ಅವತ್ತೇ ಹೇಳಬಹುದಿತ್ತು. ಡ್ರಮ್ಮಿನಿಂದ ತಲೆ ತೆಗೆದು ಒಳಗೆ ಬಂದಾಗ ಅಣ್ಣ ಗೋಡೆಗೆ ಬೆನ್ನು ಹಚ್ಚಿ ನಡುಗುತ್ತ ನಿಂತಿದ್ದ. ನಡುಗುವ ಅಣ್ಣನನ್ನು ಅವಳು ಹುಟ್ಟಿದಂದಿನಿಂದ ಕಂಡಿರಲಿಲ್ಲ. ಒಂದು ಗಳಿಗೆ, ಒಂದೇ ಒಂದು ಗಳಿಗೆ, ಅವಳಿಗೆ ಖುಷಿಯಾಯಿತು. ಆ ಖುಷಿಯೇ ಎರಡು ಮಾತನ್ನು ನುಂಗಿಹಾಕಿತು. ಮರುದಿನ ಡ್ರಮ್ಮಿಗೆ ಮತ್ತೆ ತಲೆ ಹಾಕಿದಳು. ಗೋಡೆಯ ತೂತು ಈಗ ಗೊತ್ತಿತ್ತು, ಗೊತ್ತಿದ್ದೂ ಹಾಕಿದಳು. ಅದೊಂದನ್ನು ನೆನೆದರೆ ಬಸ್ಸಿನ ಕಿಟಕಿಯ ಸರಳಿಗೆ ಹಣೆ ಚಚ್ಚಿಕೊಳ್ಳಬೇಕು ಅನ್ನಿಸುತ್ತಿತ್ತು. ಅವನು ಹೆದರಿ ಸಾಯಲಿ ಎಂದು ಮಾಡಿದ್ದು; ಬೀಗ ಅತ್ತಿಗೆಗೆ ಬೀಳುತ್ತದೆ ಎಂದು ಯಾಕೆ ಹೊಳೆಯಲಿಲ್ಲ? ಈ ಮನೆಯಲ್ಲಿ ಯಾರು ಹೆದರಿದರೂ ಬೀಗ ಯಾರಿಗೆ ಬೀಳುತ್ತದೆ ಎನ್ನುವುದನ್ನು ತಿಳಿಯಲು ಶಾಲೆ ಕಲಿಯಬೇಕಿತ್ತೇ?

ಸ್ಟುಡಿಯೋದ ಒಳಕೋಣೆಯಲ್ಲಿ ಕಿಟಕಿಯಿಲ್ಲ. ಗೋಡೆಗೆಲ್ಲ ಮೆತ್ತನೆಯ ಕಪ್ಪು ಸ್ಪಂಜು, ಮುಂದೆ ಪರದೆ, ಹಿಂದೆ ಗಾಜು, ಗಾಜಿನಾಚೆ ಯಜಮಾನರೂ ಸೌಂಡ್ ನೋಡಿಕೊಳ್ಳುವ ದಪ್ಪಗಿನವನೂ. ಮೈಕಿಗೆ ತೊಡಿಸಿದ ಸ್ಪಂಜಿನ ಟೊಪ್ಪಿಗೆಗೆ ಯಾರು ಯಾರದೋ ಎಂಜಲಿನ ವಾಸನೆ. ಇವತ್ತು ಕೊನೆಯ ಭಾಗ. ಮಗಳನ್ನು ಮಂಚಕ್ಕೆ ಕಟ್ಟಿದ್ದಾರೆ. ಅಪ್ಪ ಕಾಲು ಹಿಡಿದಿದ್ದಾನೆ, ಮಗ ಕೈ ಹಿಡಿದಿದ್ದಾನೆ, ಅಮ್ಮ ಮೂಲೆಯಲ್ಲಿ ಬಾಯಿಗೆ ಸೆರಗಿನಂತೆ ಏನನ್ನೋ ಒತ್ತಿಕೊಂಡು ಅಳುತ್ತಿದ್ದಾಳೆ. ಚಿತ್ರ ಅಲ್ಲಿಂದ ಇಲ್ಲಿಗೆ ಓಡುತ್ತದೆ, ಮತ್ತೆ ಹಿಂದಕ್ಕೆ ಹೋಗುತ್ತದೆ, ಮತ್ತೆ ಅದೇ. ಹತ್ತಾರು ಸಲ ನೋಡಿ ನೋಡಿ ಅವಳಿಗೆ ಆ ಮಂಚದ ಹಗ್ಗದ ಗಂಟುಗಳೂ ಪರಿಚಯವಾಗಿದ್ದವು. 'ಅದು ಹೇಳೋದೆಲ್ಲ ಸುಳ್ಳು, ಕಿವಿಗೆ ಹಾಕ್ಕೋಬೇಡಿ' ಎಂದು ಅಪ್ಪ ಪದೇ ಪದೇ ಹೇಳುತ್ತಾನೆ. ಆದರೆ ದೆವ್ವ ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಅಪ್ಪ ಕುಡಿದು ಗಾಡಿ ಓಡಿಸಿದ್ದು, ಅಮ್ಮ ಅದನ್ನು ಮುಚ್ಚಿಟ್ಟಿದ್ದು, ಮಗ ತಂಗಿಯ ಕೋಣೆಯ ಬೀಗದ ತೂತಿಗೆ ಕಣ್ಣು ಹಚ್ಚಿದ್ದು, ಎಲ್ಲವೂ ಸಿನಿಮಾದಲ್ಲೇ ಮೊದಲು ಬಂದುಹೋದವು. ಹಣ ಕೊಟ್ಟು ನೋಡುವ ಜನಕ್ಕೆಲ್ಲ ಗೊತ್ತಿರುವ ನಿಜ ಅದು. ಆದರೂ ಕಿರುಚಿದವಳನ್ನು ಕಟ್ಟಿದರು, ಮಾಡಿದವರು ಹಗ್ಗ ಹಿಡಿದರು.

"ಏ ಉಸಿರು," ಎಂದು ಕಿವಿಯೊಳಗೆ ಯಜಮಾನರ ದನಿ ಬಂತು. "ಅಳು ಬರ್ತಿದೆ ಕಣಮ್ಮ. ನಂಗೆ ಅಳು ಬೇಡ, ಕೋಪ ಬೇಕು. ಮೈಮೇಲಿರೋದು ದೆವ್ವ, ಸೊಸೆ ಅಲ್ಲ."

ಗಾಜಿನಾಚೆ ದಪ್ಪಗಿನವನು ಹೊಟ್ಟೆ ಕುಲುಕಿಸಿ ನಕ್ಕ. "ಮನೇಲಿ ಅಭ್ಯಾಸ ಮಾಡ್ತೀನಿ ಅಂದಿದ್ದೆಯಲ್ಲ, ಅಕ್ಕಪಕ್ಕದವರು ಮನೆ ಖಾಲಿ ಮಾಡಿದ್ರಾ ಹೇಗೆ?" ಎಂದ. ಅವಳೂ ನಕ್ಕಳು. ನಗು ತಾನಾಗಿ ಬಂದುಬಿಟ್ಟಿತು, ಯಾರಾದರೂ ತಮಾಷೆ ಮಾಡಿದರೆ ನಗಬೇಕು ಎಂದು ಹಲ್ಲುಗಳಿಗೆ ಅಭ್ಯಾಸ. ಆ ನಗುವನ್ನು ಕಿತ್ತು ನೆಲಕ್ಕೆ ಹಾಕಿ ತುಳಿಯಬೇಕೆನಿಸಿತು. ಅತ್ತಿಗೆ ಬೀಗದೊಳಗಿದ್ದಾಳೆ, ನಾನಿಲ್ಲಿ ಹಲ್ಲು ಕಿರಿಯುತ್ತಿದ್ದೇನೆ.

ಮತ್ತೆ ಓಡಿತು ಚಿತ್ರ. ಈ ಸಲ ಅವಳು ಪರದೆಯನ್ನು ನೋಡಲಿಲ್ಲ, ಮನೆಯಲ್ಲಿ ಅಣ್ಣ ಅತ್ತಿಗೆಯರ ಕೋಣೆಯ ಗೋಡೆಯನ್ನು ನೆನೆದಳು. ತನ್ನ ಹಾಸಿಗೆಯೂ ಆ ಕೋಣೆಯ ಪಕ್ಕದ್ದೇ. 'ಇವತ್ತು ಬೇಡ ಕಣ್ರೀ.' ಅತ್ತಿಗೆಯ ದನಿ. 'ನಾಳೆ ಬೇಗ ಏಳಬೇಕು, ಇವತ್ತು ಬೇಡ.' ಅಣ್ಣನ ದನಿ ಇಲ್ಲ, ಮಂಚದ ಸದ್ದು ಮಾತ್ರ. ಅವಳು ಹೊದಿಕೆಯನ್ನು ಕಿವಿಯ ಮೇಲೆ ಎಳೆದುಕೊಳ್ಳುತ್ತಿದ್ದಳು. ಮರುದಿನ ಪಾತ್ರೆ ತೊಳೆಯುತ್ತ ಕೂತಲ್ಲೇ ಅತ್ತಿಗೆಯ ತಲೆ ತೂಗಿ, ಹಣೆ ನಲ್ಲಿಗೆ ತಾಗಿ, ತೊಟ್ಟು ರಕ್ತ ಬಂದಿತ್ತು. 'ಅದೆಂಥ ನಿದ್ದೆಯೇ ನಿಂದು, ಹಗಲೂ ರಾತ್ರಿ!' ಎಂದು ಅಮ್ಮ ಬೈದಿದ್ದಳು. ಅಮ್ಮನ ಹಾಸಿಗೆಯೂ ಗೋಡೆಯ ಪಕ್ಕದಲ್ಲೇ. ಅಮ್ಮನಿಗೂ ಹೊದಿಕೆ ಇತ್ತು. ಮೂರು ಜನ ಹೆಂಗಸರು, ಒಬ್ಬಳ ಬಾಯಿ, ಇಬ್ಬರ ಕಿವಿ, ಎಲ್ಲ ಮುಚ್ಚಿಕೊಂಡೇ ಮನೆ ನಡೆದಿತ್ತು. ಥೂ ಎಂದುಕೊಂಡಳು. ಅದು ಮೈಕಿಗೆ ಬಿತ್ತು. ಅದರ ಹಿಂದೆಯೇ ಹೊಕ್ಕುಳಿನ ಬುಡದಿಂದ ಇನ್ನೊಂದು ಎದ್ದಿತು. ದೆವ್ವ ಮೈಬಿಟ್ಟು ಹೋಗುವಾಗಿನ ಕಿರುಚು ಅದು, ಬಹಳ ಉದ್ದದ್ದು. ಪರದೆಯ ಮೇಲೆ ಹುಡುಗಿಯ ಬೆನ್ನು ಬಿಲ್ಲಾಗಿ, ದೀಪಗಳು ಒಡೆದು, ಮಗ ಬಿದ್ದು, ಅಪ್ಪನ ಕೈಯ ಹಗ್ಗ ಹರಿಯುವವರೆಗೂ ನಿಲ್ಲುವಂತಿಲ್ಲ. ಅವಳು ನಿಲ್ಲಿಸಲಿಲ್ಲ. ಚಿತ್ರ ಮುಗಿದ ಮೇಲೂ ನಿಲ್ಲಿಸಲಿಲ್ಲ. ಬೆಂಚು, ಬೈತಲೆಗಳು, ಬ್ಲೇಡಿನ ದಾರಿ, ಗ್ರೀಸು ಮೆತ್ತಿದ ಬೀಗ, ಎಲ್ಲದರ ಮೇಲೂ ಕಿರುಚಿದಳು. ಗಂಟಲಿನೊಳಗೆ ಎಲ್ಲೋ ಏನೋ ಬಟ್ಟೆ ಹರಿದ ಹಾಗೆ ಪರ್ರೆಂದಿತು.

ಗಾಜಿನಾಚೆ ದಪ್ಪಗಿನವನು ಹೆಡ್‌ಫೋನ್ ಕಿತ್ತು ಕೆಳಗಿಟ್ಟ. ಆಮೇಲೆ ಯಜಮಾನರು, "ಇವಳ ಮೈಮೇಲೆ ನಿಜವಾಗ್ಲೂ ಬಂತು ಕಣಯ್ಯಾ," ಎಂದು ನಕ್ಕು, "ಇದೇ ಇರಲಿ, ಯಾವುದಕ್ಕೂ ಇನ್ನೊಂದು ಸಲ ಕೊಡಮ್ಮ," ಎಂದರು. ಅವಳು ಹೂಂ ಎನ್ನಲು ಹೋದಳು. ಗಾಳಿ ಬಂತು. ಮಾತಿಲ್ಲ, ಬರೀ ಗಾಳಿ. ಹಿಂದೆ ಹೀಗಾಗುವುದನ್ನು ಬೇರೆಯವರಲ್ಲಿ ಕಂಡಿದ್ದಳು, ಎರಡು ದಿನ ಬಾಯಿ ಮುಚ್ಚಿಕೊಂಡಿದ್ದರೆ ಸರಿಹೋಗುತ್ತದೆ. ಆದರೆ ತನಗೆ ಎರಡು ದಿನ ಎಲ್ಲಿತ್ತು? ಇವತ್ತು ಮನೆಗೆ ಹೋದ ಕೂಡಲೇ ಹೇಳುತ್ತೇನೆ, ಕಿರುಚಿಯೇ ತೋರಿಸುತ್ತೇನೆ ಎಂದು ಆ ಕಿರುಚಿನ ನಡುವೆಯೇ ನಿಶ್ಚಯಿಸಿಕೊಂಡಿದ್ದಳು. ನಿಶ್ಚಯ ಬಂದ ಗಳಿಗೆಯಲ್ಲೇ ದನಿ ಹೋಗಿತ್ತು. ಮೇಡಂ ಆಗ ಒಳಗೆ ಬಂದರು, ಕುತ್ತಿಗೆಗೆ ಉಣ್ಣೆಯ ಬಟ್ಟೆ, ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು. "ಏನಮ್ಮಾ, ನನ್ನ ಪಾಲಿಂದೂ ಸೇರಿಸಿ ಕಿರುಚಿಬಿಟ್ಟೆಯಾ?" ಎಂದು ಕೆನ್ನೆ ತಟ್ಟಿ, ಮೈಕಿನ ಟೊಪ್ಪಿಗೆ ಬದಲಿಸಲು ಹೇಳಿ, ಜೇನಿನಂಥ ದನಿಯಲ್ಲಿ, "ಅಮ್ಮಾ, ನಾನೆಲ್ಲಿದ್ದೀನಿ? ಏನಾಗಿತ್ತು ನಂಗೆ?" ಎಂದರು. ಪರದೆಯ ಮೇಲೆ ಬೆಳಕಾಯಿತು. ಅಪ್ಪ ಮಗಳನ್ನು ತಬ್ಬಿಕೊಂಡ. ಹಗ್ಗ ಉಜ್ಜಿ ಕೆಂಪಾದ ಮಣಿಕಟ್ಟಿಗೆ ಮುತ್ತಿಟ್ಟ. ಅವಳ ಮಣಿಕಟ್ಟು ಯಾಕೆ ಕೆಂಪಾಗಿದೆ ಎಂದು ಆ ಮನೆಯಲ್ಲಿ ಯಾರೂ ಕೇಳಲಿಲ್ಲ, ಏನು ಆಗಿತ್ತು ಎಂದು ಮಗಳಿಗೆ ಯಾರೂ ಹೇಳಲಿಲ್ಲ. ಎಲ್ಲರೂ ಒಟ್ಟಿಗೆ ಅತ್ತರು. ಇತ್ತ ಅವಳು ಚೀಲ ಹೆಗಲಿಗೆ ಹಾಕಿಕೊಂಡಳು. "ಎಲ್ಲಿಗಮ್ಮ? ಇನ್ನೊಂದು ಸಲ ಬೇಕು ಅಂದೆನಲ್ಲ," ಎಂದರು ಯಜಮಾನರು. ಅವಳು ಇಲ್ಲ ಎಂದು ತಲೆಯಾಡಿಸಿದಳು. ಅವರಿಗೆ ಇಲ್ಲ ಎಂದದ್ದು ಅದೇ ಮೊದಲು. ಅದನ್ನು ಗಮನಿಸುವಷ್ಟು ವ್ಯವಧಾನವೂ ಇಲ್ಲದೆ ಓಡಿದಳು.

ಬಿಡಿಸುವ ಮನುಷ್ಯ ಆಗಲೇ ಬಂದು ಕೂತಿದ್ದ. ಅವಳು ಏನೇನೋ ಕಲ್ಪಿಸಿಕೊಂಡಿದ್ದಳು. ಇವನು ಇಸ್ತ್ರಿ ಮಾಡಿದ ಅಂಗಿಯ, ಕೂದಲು ಒಪ್ಪವಾಗಿ ಬಾಚಿದ, ಫ್ಯಾನು ರಿಪೇರಿಗೆ ಬಂದವನಂಥ ಮನುಷ್ಯ. ಚೀಲವನ್ನು ಕಾಲ ಬಳಿ ಇಟ್ಟುಕೊಂಡು ನೀರು ಕುಡಿಯುತ್ತಿದ್ದ. "ಯಾವಾಗಿನಿಂದ? ಊಟ ಮಾಡ್ತಾರಾ? ಕಚ್ಚೋದು ಪರಚೋದು ಉಂಟಾ?" ಎಂದು ವಿಚಾರಿಸುತ್ತಿದ್ದ. "ಇಲ್ಲ, ಅಂಥದ್ದೇನಿಲ್ಲ. ಮಾತೇ ಇಲ್ಲ," ಎಂದಳು ಅಮ್ಮ. "ಅದೇ ಕೆಟ್ಟದ್ದು," ಎಂದ ಅವನು, ಲೋಟ ಕೆಳಗಿಟ್ಟು.

ಬೀಗ ತೆಗೆದರು. ಅತ್ತಿಗೆ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ತಲೆ ಬಾಚಿಕೊಂಡಿದ್ದಳು, ಹಾಸಿಗೆ ಕೊಡವಿ ಸುಕ್ಕಿಲ್ಲದಂತೆ ಹಾಸಿದ್ದಳು. ಕಣ್ಣ ಕೆಳಗೆ ವರ್ಷಗಳಿಂದ ಕೂತಿದ್ದ ಕಪ್ಪು ಅರ್ಧಕ್ಕರ್ಧ ಇಳಿದಿತ್ತು. ಅದನ್ನು ಬಾಗಿಲಲ್ಲಿ ನಿಂತ ಅವಳೊಬ್ಬಳೇ ಕಂಡದ್ದು. ಉಳಿದವರು ಕೈಕಾಲು ನೋಡುತ್ತಿದ್ದರು.

"ಹೆಂಗಸರು ಒಂದೊಂದು ಕೈ ಹಿಡ್ಕೊಳ್ಳಿ, ನೀವು ಕಾಲು," ಎಂದ ಆ ಮನುಷ್ಯ ಅಣ್ಣನಿಗೆ.

"ಅದು ನಾನು," ಎಂದಳು ಅವಳು. ಗಾಳಿ. ಯಾರೂ ತಿರುಗಲಿಲ್ಲ. ಅಣ್ಣನ ತೋಳು ಹಿಡಿದು ಜಗ್ಗಿದಳು. ಮತ್ತೆ, ಗಂಟಲು ಹರಿದರೂ ಸರಿ ಎಂದು, "ಅಣ್ಣಾ, ಆ ದನಿ ನಂದು. ಅತ್ತಿಗೆದಲ್ಲ. ಸಿನಿಮಾದ ಮಾತು ಅದು. ಡ್ರಮ್ಮಲ್ಲಿ ತಲೆ ಹಾಕಿ ಅಭ್ಯಾಸ ಮಾಡ್ತಿದ್ದೆ. ಗೋಡೆ ತೂತಿಂದ ಕೇಳ್ಸಿದೆ ನಿಂಗೆ."

ಪಿಸುಮಾತಿನಷ್ಟು ಬಂತು. ಸಾಕಷ್ಟು ಬಂತು. ಅಣ್ಣ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಅವನ ಮುಖದಲ್ಲಿ ಮೊದಲು ಏನೂ ಇರಲಿಲ್ಲ, ಆಮೇಲೆ ನಗು ಬಂತು, ವಾರದಿಂದ ನಕ್ಕಿರದವನು ಹೊಟ್ಟೆ ಹಿಡಿದುಕೊಂಡು ನಕ್ಕ. "ನೀನಾ? ನೀನು ಕರೆದ್ರೆ ಬೆಕ್ಕೂ ಬರೋಲ್ಲ, ನೀನಾ?"

"ಅಯ್ಯೋ, ಇದೇನೇ ಹೊಸದು!" ಎಂದಳು ಅಮ್ಮ.

"ಸರಿ, ಮಾಡು ನೋಡೋಣ," ಎಂದ ಅಣ್ಣ. "ಮಾಡೇ. ಇಲ್ಲೇ ಮಾಡು, ಎಲ್ಲರ ಮುಂದೆ."

ಅವಳು ಕಾಲು ಅಗಲಿಸಿ ನಿಂತಳು. ಹೊಕ್ಕುಳಿನ ಕೆಳಗೆ ಕೈಯಿಟ್ಟುಕೊಂಡಳು. ಅದು ಅಲ್ಲೇ ಇತ್ತು, ಎದ್ದಿತು, ಪಕ್ಕೆಲುಬು ಹತ್ತಿತು. ಗಂಟಲಿಗೆ ಬಂದದ್ದೇ ಹಸುಗೂಸಿನ ತೇಗಿನಂಥ ಒಂದು ಸದ್ದಾಗಿ ಸತ್ತುಹೋಯಿತು. ಇನ್ನೊಮ್ಮೆ. ಇನ್ನೊಮ್ಮೆ. ಬಾಯಿ ಅಷ್ಟಗಲ ತೆರೆದು, ಕುತ್ತಿಗೆಯ ನರ ಉಬ್ಬಿ, ಕಣ್ಣಲ್ಲಿ ನೀರು ಬಂದು, ಬರೀ ಗಾಳಿ. ಅಣ್ಣ ನಗುತ್ತಲೇ ಇದ್ದ. ಆ ಮನುಷ್ಯನೂ ಮೆಲ್ಲಗೆ ಮುಗುಳ್ನಕ್ಕು, "ಹೀಗಾಗೋದುಂಟು. ಮನೇಲಿ ಒಬ್ಬರಿಗೆ ಬಂತು ಅಂದ್ರೆ ಉಳಿದ ಹೆಣ್ಣುಮಕ್ಕಳೂ ನಂದು ನಂದು ಅಂತಾರೆ. ಪಕ್ಕಕ್ಕೆ ನಿಲ್ಲಮ್ಮ," ಎಂದ. ಅವನ ಒಪ್ಪವಾದ ತಲೆಯನ್ನು ಗೋಡೆಗೆ ಜಜ್ಜಬೇಕು ಎನ್ನಿಸಿತು ಅವಳಿಗೆ. ಇಷ್ಟು ಸಿಟ್ಟು ಒಂದು ಮೈಯಲ್ಲಿ ಹಿಡಿಸುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಹಿಡಿಸಿತು, ಅದೇ ಅವಮಾನ. ಹಿಡಿಸಿ, ಒಂದು ಹನಿಯೂ ಹೊರಗೆ ತುಳುಕಲಿಲ್ಲ.

"ಅವಳನ್ನ ಬಿಡಿ," ಎಂದಳು ಅತ್ತಿಗೆ.

ನಗು ನಿಂತಿತು. ವಾರದ ಮೇಲೆ ಆಡಿದ ಮೊದಲ ಮಾತು. ಸಾಧಾರಣ ದನಿ, ತರಕಾರಿಯವನ ಹತ್ತಿರ ಮಾತಾಡುವಷ್ಟೇ ಎತ್ತರದ್ದು.

"ಅವಳಿಗೆಲ್ಲಿ ಬರತ್ತೆ ಆ ದನಿ? ನಾನೇ ಅಂದಿದ್ದು. ನಿದ್ದೆಗಣ್ಣಲ್ಲಲ್ಲ, ಎಚ್ಚರವಾಗಿದ್ದೇ ಅಂದೆ."

ಅವಳು ಅತ್ತಿಗೆಯನ್ನು ನೋಡಿದಳು. ಅತ್ತಿಗೆಯೂ ಅವಳನ್ನು ನೋಡಿದಳು, ಒಂದೇ ಕ್ಷಣ, ಬಾಗಿಲ ಸಂದಿಯಿಂದ ನೋಡಿ ಮುಚ್ಚಿಕೊಂಡಂತೆ. ಗೊತ್ತಿತ್ತು ಇವಳಿಗೆ! ಮೊದಲ ದಿನದಿಂದಲೂ ಗೊತ್ತಿತ್ತು! ಮೊದಲು ಬಂದದ್ದು ಸಿಟ್ಟೇ. ಜೀವಮಾನದಲ್ಲಿ ನಾಲ್ಕು ಜನರ ಮುಂದೆ ನಿಂತು ತಾನು ಆಡಿದ ಒಂದೇ ಒಂದು ನಿಜ, ಅದನ್ನೂ ಕಿತ್ತುಕೊಂಡಳಲ್ಲ ಎಂಬ ಸಿಟ್ಟು.

ಆ ಮನುಷ್ಯ ಗಂಟಲು ಸರಿಮಾಡಿಕೊಂಡು, ಕೆಲಸದ ದನಿ ತೆಗೆದು, "ಯಾರು ನೀನು?" ಎಂದ.

"ಇವರ ಹೆಂಡತಿ."

"ನಿನ್ನ ಕೇಳ್ತಿಲ್ಲ. ಒಳಗಿರೋದನ್ನ ಕೇಳ್ತಿದೀನಿ. ಯಾರು?"

"ಒಳಗಿರೋದೂ ನಾನೇ. ಇನ್ನೊಬ್ಬರಿಗೆ ಇಲ್ಲಿ ಜಾಗ ಎಲ್ಲಿದೆ?"

"ಏನು ಬೇಕು ನಿನಗೆ?"

"ಈ ಮಂಚ ಬೇಕು. ನಂಗೆ, ಪಾಪುಗೆ. ಬೇರೆ ಯಾರೂ ಬರಬಾರದು."

ಅಮ್ಮ ಪಾಪುವನ್ನು ಎದೆಗೆ ಒತ್ತಿಕೊಂಡಳು. ಆ ಮನುಷ್ಯ ಅಣ್ಣನ ಕಡೆಗೆ ತಿರುಗಿ ದನಿ ತಗ್ಗಿಸಿದ. "ಇದು ಹಠಮಾರಿ. ಇಲ್ಲಿ ಆಗೋಲ್ಲ, ನನ್ನ ಜಾಗಕ್ಕೇ ಬೇಕು. ಆಚೆ ಗಾಡಿ ಇದೆ. ಎತ್ಕೊಳ್ಳಿ."

ಅಣ್ಣ ಮುಂದೆ ಹೋದ. ಟೈರು ಕಳಚಿ ಕಳಚಿ ಗಟ್ಟಿಯಾದ ಕೈ ಮುಂದೆ ಬಂತು. ಅತ್ತಿಗೆ ಅಲ್ಲಾಡಲಿಲ್ಲ, ಕಣ್ಣು ಮಿಟುಕಿಸಲಿಲ್ಲ, ಕೈಯನ್ನೇ ನೋಡಿದಳು. ಬೆರಳುಗಳು ಅವಳ ತೋಳಿಗೆ ಗೇಣು ದೂರದಲ್ಲಿ ನಿಂತವು. ನಿಂತು, ಹಿಂದೆ ಹೋಗಿ, ಅವನದೇ ಕುತ್ತಿಗೆಯನ್ನು ಕೆರೆದವು. "ನೀವೇ ಎತ್ಕೊಳ್ಳಿ," ಎಂದ.

"ನಾನು ಮುಟ್ಟೋ ಹಾಗಿಲ್ಲ."

"ಬಿಡಿಸೋರು ನೀವಲ್ವಾ?"

"ಹೆಂಡತಿ ನಿಮ್ಮೋರಲ್ವಾ?"

"ಒಂದು ಕಡೆ ನೀವು ಹಿಡೀರಿ, ಇನ್ನೊಂದು ಕಡೆ ನಾನು ಹಿಡೀತೀನಿ."

"ಮೊದಲು ನೀವು ಹಿಡೀರಿ, ನೋಡೋಣ."

ಇಬ್ಬರು ಗಂಡಸರು ಬಾಗಿಲಲ್ಲಿ ನಿಂತು, ಮಂಚದ ಮೇಲೆ ಕಾಲು ಮಡಚಿ ಕೂತ ಒಬ್ಬ ಹೆಂಗಸನ್ನು ನೀ ಮುಟ್ಟು ನೀ ಮುಟ್ಟು ಎಂದು ಚೌಕಾಸಿ ಮಾಡುತ್ತಿದ್ದರು. ಅವಳಿಗೆ ನಗು ಬಂತು, ಸದ್ದಿಲ್ಲದೆ, ಹೊಟ್ಟೆಯೊಳಗೆ, ಸಿಟ್ಟಿನ ಪಕ್ಕದಲ್ಲೇ. ಅಣ್ಣನ ತುಟಿಯ ಮೇಲೆ ಬೆವರು ಕೂತಿತ್ತು. ಗೋಡೆಗೆ ಬೆನ್ನು ಹಚ್ಚಿ ನಡುಗಿದ್ದ ಅದೇ ಅಣ್ಣ. ಈಗ ಇವನಿಗೆ ಡ್ರಮ್ಮು ತಂದು ತೋರಿಸಿದರೂ ನಂಬುವುದಿಲ್ಲ. ನಂಬಿದರೆ ಕೈ ಮತ್ತೆ ಮುಂದೆ ಬರುತ್ತದೆ. ಎರಡನೆಯದು ಹೊಳೆದ ಕೂಡಲೇ ಅವಳು ಬಾಯಿ ಮುಚ್ಚಿಕೊಂಡಳು. ಹೆದರಿ ಮುಚ್ಚಿಕೊಂಡದ್ದಲ್ಲ.

"ನಾಡಿದ್ದು ಜನ ಕರ್ಕೊಂಡು ಬರ್ತೀನಿ," ಎಂದು ಆ ಮನುಷ್ಯ ಚೀಲ ಎತ್ತಿಕೊಂಡ. ಹೋಗುತ್ತ, ಬಾಗಿಲಿಗೆ ಬೀಗ ಹಾಕಿ ಎಂದ. ಬೀಗ ಹಾಕಲು ಯಾರೂ ಹತ್ತಿರ ಹೋಗಲಿಲ್ಲ. ಅತ್ತಿಗೆಯೇ ಎದ್ದಳು. ಅವಳು ಹೆಜ್ಜೆ ಇಟ್ಟ ಹಾಗೆಲ್ಲ ಮನೆ ಹಿಂದಕ್ಕೆ ಸರಿಯಿತು. ಅಮ್ಮನ ಮುಂದೆ ಹೋಗಿ ಎರಡೂ ಕೈ ಚಾಚಿದಳು. ಅಮ್ಮ ಮುಖ ಆಚೆ ತಿರುಗಿಸಿ, ಕೊಟ್ಟಳು. ಪಾಪು ತಾಯಿಯ ಕುತ್ತಿಗೆಗೆ ಮೂಗು ತೂರಿಸಿ ಒಂದು ನಿಟ್ಟುಸಿರು ಬಿಟ್ಟಿತು.

"ನೀನು ಒಳಗೆ ಬರ್ತೀಯೋ, ಹೊರಗೇ ಇರ್ತೀಯೋ?" ಎಂದು ಅತ್ತಿಗೆ ಹೊಸಿಲಲ್ಲಿ ನಿಂತು ಕೇಳಿದಳು.

"ಗುಬ್ಬೀ, ಹೋಗಬೇಡ!" ಎಂದ ಅಣ್ಣ. ಅವಳು ಒಳಗೆ ಹೋಗಿ, ಅವನ ಮುಖದ ಮುಂದೆಯೇ ಬಾಗಿಲು ಎಳೆದುಕೊಂಡಳು.

ಪಾಪುವನ್ನು ಗೋಡೆಯ ಬದಿಗೆ ಮಲಗಿಸಿ ಅತ್ತಿಗೆ ತಿರುಗಿದಳು. ಮುಖ ಕೆಂಪಗೆ ಕುದಿಯುತ್ತಿತ್ತು. "ಬಾಯಿ ಮುಚ್ಕೊಂಡಿರೋಕೆ ಆಗ್ಲಿಲ್ವೇನೇ ನಿಂಗೆ?" ಎಂದಳು ಹಲ್ಲಿನ ಸಂದಿಯಿಂದ. "ಹುಟ್ಟಿದಾಗಿಂದ ಮುಚ್ಕೊಂಡಿದ್ದೋಳು ಇವತ್ತೇ ತೆಗೀಬೇಕಿತ್ತಾ? ಒಂದು ವಾರ ನಿದ್ದೆ ಮಾಡಿದೀನಿ ಕಣೇ. ಮದುವೆ ಆದ ಮೇಲೆ ಮೊದಲನೇ ಸಲ. ಪಾಪು ಒಂದು ಪಕ್ಕದಲ್ಲಿರಲಿಲ್ಲ, ಅಷ್ಟೇ."

ಅವಳು ಕೈಮುಗಿಯಲು ಹೋದಳು. ಅತ್ತಿಗೆ ಆ ಕೈಗಳನ್ನು ಹಿಡಿದು ಕೆಳಗೆ ಒತ್ತಿ, ಬಾಗಿಲಾಚೆ ಅಣ್ಣ ಅಮ್ಮನ ಗುಸುಗುಸುವನ್ನು ಸ್ವಲ್ಪ ಹೊತ್ತು ಆಲಿಸಿದಳು.

"ನಾಡಿದ್ದು ಜನ ತರ್ತಾನಂತೆ," ಎಂದಳು. "ನಿನ್ನ ಗಂಟಲು ಯಾವಾಗ ಸರಿಹೋಗತ್ತೆ?"

ಅವಳು ಎರಡು ಬೆರಳು ಎತ್ತಿದಳು.

"ಸರಿ. ಅಲ್ಲೀತನಕ ನಾನು ನೋಡ್ಕೋತೀನಿ."